ಹಡಗು ನಿಲ್ಲುವ ಐದು ಊರು, ಅಮ್ಮನ ಮಂಡಿನೋವು, ಅಪ್ಪನ ರೋಮ್: ಹೋಗಿ ಬಂದವರು ಹೇಳಿ

ಮೈಸೂರುಪಾಕ್

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ನಾವು ನಾಲ್ಕು ಜನ ಮೆಡಿಟರೇನಿಯನ್ ಕ್ರೂಸ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, ಅಪ್ಪ, ಅಮ್ಮ. ಬಾರ್ಸಿಲೋನಾದಲ್ಲಿ ಹಡಗು ಹತ್ತುವುದು. ಆಮೇಲೆ ದಿನಕ್ಕೊಂದು ಊರು: ಮಾರ್ಸೇ, ಜಿನೋವಾ, ಚಿವಿತಾವೆಕ್ಕಿಯಾ (ರೋಮ್‌ಗೆ ಹೋಗುವವರು ಇಳಿಯುವ ಬಂದರು), ನೇಪಲ್ಸ್, ಪಲೆರ್ಮೊ. ಒಂದು ದಿನ ಬರೀ ನೀರು. ಮತ್ತೆ ಬಾರ್ಸಿಲೋನಾ.

ಹಡಗಿನ ಒಳಗೆ ಏನೇನಿದೆ ಅನ್ನೋದನ್ನು ಯೂಟ್ಯೂಬ್‌ನಲ್ಲಿ ನೋಡಿ ನೋಡಿ ಸಾಕಾಗಿದೆ. ನನ್ನ ತಲೆಬಿಸಿ ಇಳಿದ ಮೇಲಿನದು. ಪ್ರತಿ ಊರಿನಲ್ಲೂ ಎಂಟೋ ಒಂಬತ್ತೋ ಗಂಟೆ ಸಿಗುತ್ತದೆ. ಹಡಗಿನವರೇ ಟೂರ್ ಮಾರುತ್ತಾರೆ. ಆದರೆ ರೋಮ್‌ಗೆ ಬಸ್ಸಿನಲ್ಲಿ ಬಿಟ್ಟು ವಾಪಸ್ ಕರೆತರುವುದಕ್ಕೇ ತಲೆಗೆ 75 ಯೂರೋ ಹೇಳುತ್ತಿದ್ದಾರೆ. ನಾಲ್ಕು ಜನಕ್ಕೆ 300. ಐದು ಊರಿಗೂ ಹೀಗೇ ಕೊಟ್ಟರೆ ಆ ದುಡ್ಡಲ್ಲಿ ಇನ್ನೊಂದು ಕ್ರೂಸ್ ಮಾಡಬಹುದು.

ಅಮ್ಮನಿಗೆ ಮಂಡಿನೋವು. ಸಮತಟ್ಟಾದ ರಸ್ತೆಯಲ್ಲಿ ನಿಧಾನಕ್ಕೆ ಒಂದೆರಡು ಕಿಲೋಮೀಟರ್ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಅಪ್ಪ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಡೆಯುತ್ತದೆ, ಅದೊಂದು ಪುಣ್ಯ. ಅವರಿಗೆ ರೋಮ್ ನೋಡಲೇಬೇಕು. ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಮೂವತ್ತು ವರ್ಷ ಕಪ್ಪುಹಲಗೆ ಮೇಲೆ ಬರೆದ ಊರು ಅದು.

ನಾವಾಗೇ ಸುತ್ತಬಹುದಾ? ತಡವಾಗಿ ಹಡಗು ಬಿಟ್ಟು ಹೋದರೆ ಏನು ಗತಿ?

ಮ್ಯೂನಿಕ್_ಮಾವ

ನಾಲ್ಕು ಸಲ ಹೋಗಿದ್ದೇನೆ, ಎರಡು ಸಲ ಇದೇ ದಾರಿ. ಧಾರಾಳವಾಗಿ ನೀವೇ ಸುತ್ತಬಹುದು. ಕೆಲವು ವಿಷಯ ಗೊತ್ತಿರಲಿ.

ಹಡಗಿನವರ ಟೂರ್ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವಾಗಿ ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಇಷ್ಟೇ ವ್ಯತ್ಯಾಸ. ಆ 75 ಯೂರೋದಲ್ಲಿ ಅರ್ಧಕ್ಕರ್ಧ ಈ ಧೈರ್ಯಕ್ಕೆ ಕೊಡುವ ದುಡ್ಡು. ಪ್ರತಿ ರಾತ್ರಿ ಕೋಣೆಗೆ ಮರುದಿನದ ಹಾಳೆಯೊಂದು ಬರುತ್ತದೆ, ಈಗೀಗ ಆ್ಯಪ್‌ನಲ್ಲೂ ಇರುತ್ತದೆ. ಅದರಲ್ಲಿ ಎಲ್ಲರೂ ಹಡಗಿನ ಒಳಗಿರಬೇಕಾದ ಸಮಯ ಬರೆದಿರುತ್ತದೆ. ಹಡಗು ಹೊರಡುವುದಕ್ಕಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲು. ನೀವು ನೋಡಬೇಕಾದ್ದು ಆ ಸಮಯ, ಹೊರಡುವ ಸಮಯ ಅಲ್ಲ. ಅದೇ ಹಾಳೆಯಲ್ಲಿ ಆ ಊರಿನ ಏಜೆಂಟರ ಫೋನ್ ನಂಬರ್ ಇರುತ್ತದೆ. ಇಳಿಯುವ ಮೊದಲು ಅದನ್ನು ಫೋಟೋ ತೆಗೆದುಕೊಳ್ಳಿ. ಹಡಗು ತಪ್ಪಿದರೆ ಮುಂದಿನ ಊರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಹತ್ತಬೇಕು. ಆಗ ಉಪಯೋಗಕ್ಕೆ ಬರುವುದು ಆ ನಂಬರೇ.

ಫೋನಿನ ವಿಷಯ: ಯುರೋಪಿನ ಒಂದು ಇ-ಸಿಮ್ ಸ್ಪೇನ್, ಫ್ರಾನ್ಸ್, ಇಟಲಿ ಮೂರಕ್ಕೂ ಸಾಕು. ಹಡಗು ಬಂದರು ಬಿಟ್ಟ ತಕ್ಷಣ ಏರ್‌ಪ್ಲೇನ್ ಮೋಡ್ ಹಾಕಿ. ಇಲ್ಲದಿದ್ದರೆ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದು ಬಿಲ್ ಏರಿಸುತ್ತದೆ.

ಇನ್ನೊಂದು ಮಾತು. ನೀವು ಹೋಗುವುದು ಅಕ್ಟೋಬರ್ ಕೊನೆಯ ವಾರ. ಆ ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಫೋನ್ ತಾನೇ ಬದಲಾಗುತ್ತದೆ. ಅಪ್ಪನ ಕೈಗಡಿಯಾರ ಬದಲಾಗುವುದಿಲ್ಲ.

ನನ್ನ ಸಲಹೆ ಕೇಳಿದರೆ, ರೋಮ್‌ಗೆ ಮಾತ್ರ ಹಡಗಿನ ಬಸ್ಸು. ಉಳಿದ ಕಡೆ ಕಾಲ್ನಡಿಗೆ.

ಧಾರವಾಡ_ಪೇಢೆ

ತಮ್ಮಾ, ಅಪ್ಪನ ಊಟದ ಚಿಂತೆ ಬಿಡು. ನಾವು ನಾಲ್ಕು ಮಂದಿ ಗೆಳತಿಯರು ಬ್ಯಾಂಕಿನಿಂದ ರಿಟೈರ್ ಆದ ವರ್ಷ ಹೋಗಿದ್ದೆವು. ಎಲ್ಲರೂ ಸಸ್ಯಾಹಾರಿಗಳು. ಅವಲಕ್ಕಿ, ಚಟ್ನಿಪುಡಿ ಒಂದು ಚೀಲ ತುಂಬ ಒಯ್ದಿದ್ದೆವು. ಅರ್ಧ ಹಾಗೇ ವಾಪಸ್ ಬಂತು.

ಯಾಕಂದ್ರ ಆ ಕರಾವಳಿ ತುಂಬ ಕಡಲೆಹಿಟ್ಟು! ಯಾರೂ ನಮಗೆ ಹೇಳಿರಲಿಲ್ಲ. ಜಿನೋವಾದಲ್ಲಿ ಹಳೇ ಬಂದರಿನ ಎದುರು ಸೊತ್ತೊರಿಪಾ ಅಂತ ಕಮಾನುಗಳ ಕೆಳಗಿನ ಓಣಿ ಇದೆ. ಅಲ್ಲಿ ಫರಿನಾತಾ ಅಂತ ಮಾಡುತ್ತಾರೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ. ಬೇರೆ ಏನೂ ಇಲ್ಲ. ನಮ್ಮ ಜಾತ್ರೆಯ ಜಿಲೇಬಿ ಬಾಣಲೆಯಷ್ಟು ಅಗಲದ ತಾಮ್ರದ ತಟ್ಟೆಯಲ್ಲಿ ಸುರಿದು ಕಟ್ಟಿಗೆ ಒಲೆಯೊಳಗೆ ದೂಡುತ್ತಾರೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಕತ್ತರಿಸಿ ಕಾಗದದಲ್ಲಿ ಕೊಡುತ್ತಾರೆ, ಕರಿಮೆಣಸಿನ ಪುಡಿ ಉದುರಿಸಿಕೊಂಡು ತಿನ್ನಬೇಕು. ನನ್ನ ಗೆಳತಿಯೊಬ್ಬಳು ಒಂದು ತುತ್ತು ತಿಂದು "ಏ, ಇದು ನಮ್ಮ ಝುಣಕದ ವಡಿ ಅಲ್ಲೇನು?" ಅಂದಳು. ಒಗ್ಗರಣೆ ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಆದರೂ ಅವಳು ಹೇಳಿದ್ದು ಸುಳ್ಳಲ್ಲ.

ಹಿಂದಿನ ದಿನ ಮಾರ್ಸೇದಲ್ಲೂ ಅದೇ ಹಿಟ್ಟನ್ನು ಮುದ್ದೆ ಹಾಗೆ ಕುದಿಸಿ, ಆರಿಸಿ, ಬಿಲ್ಲೆ ಕತ್ತರಿಸಿ ಕರಿದು ಕೊಟ್ಟಿದ್ದರು. ಅಲ್ಲಿ ಅದರ ಹೆಸರು ಪಾನಿಸ್. ಪಲೆರ್ಮೊಕ್ಕೆ ಹೋದರೆ ತೆಳ್ಳಗೆ ಕರಿದು ಬನ್ನಿನೊಳಗೆ ಇಟ್ಟು ನಿಂಬೆಹಣ್ಣು ಹಿಂಡುತ್ತಾರೆ. ಪನೆಲ್ಲೆ ಅನ್ನುತ್ತಾರೆ. ಬಜ್ಜಿ-ಪಾವ್ ಅಂತ ತಿಳಿ. ಮೂರು ಬಂದರಿನಲ್ಲಿ ಮೂರು ಹೆಸರು, ಹಿಟ್ಟು ಒಂದೇ. ಹಡಗಿನಲ್ಲಿ ಇಪ್ಪತ್ತು ಬಗೆ ಊಟ ಇಟ್ಟಿದ್ದರು, ಒಂದೂ ನೆನಪಿಲ್ಲ. ಇದು ಮರೆತಿಲ್ಲ ನೋಡು.

ಒಂದಿಷ್ಟು ಎಚ್ಚರ ಬೇಕು. ನೇಪಲ್ಸ್‌ನ ಪದರ ಪದರದ ಸ್ಫೋಲ್ಯಾತೆಲ್ಲಾ ನೋಡೋಕೆ ನಮ್ಮ ಚಿರೋಟಿ ಹಾಗೇ ಇರುತ್ತದೆ, ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ. ಸಿಸಿಲಿಯ ಕನ್ನೋಲಿ ಸುರುಳಿಗೂ ಎಷ್ಟೋ ಕಡೆ ಅದೇ. ಪಲೆರ್ಮೊದ ದಪ್ಪ ಪಿಜ್ಜಾ ಸ್ಫಿನ್ಚೋನೆಯಲ್ಲಿ ಸಣ್ಣ ಮೀನು ಕರಗಿ ಹೋಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆದರೆ ಪಿಜ್ಜಾ ಮರಿನಾರಾ ಅಂತ ಹೆಸರು ಕೇಳಿ ಓಡಿಹೋಗಬೇಡಿ, ಅದರಲ್ಲಿ ಮೀನಿಲ್ಲ. ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ ಅಷ್ಟೇ. ಚೀಸ್ ಕೂಡ ಇಲ್ಲ.

ಮೈಸೂರುಪಾಕ್

ಅಮ್ಮಾವ್ರೇ, ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಅಷ್ಟು ದೂರ ಹೋಗಿ ಬಜ್ಜಿ ತಿನ್ನೋದಾ" ಅಂದರು. ಆದರೆ ಮುಖ ಅರಳಿತ್ತು.

ಕಲ್ಲುಸಕ್ಕರೆ

ಮಾರ್ಸೇ ವಿಷಯದಲ್ಲಿ ನನ್ನದೊಂದು ಕತೆ ಕೇಳಿ. ಆಗ ಬೆವರಿದ್ದು ಇನ್ನೂ ಆರಿಲ್ಲ.

ಅಲ್ಲಿ ದೊಡ್ಡ ಹಡಗು ನಿಲ್ಲುವ ಜಾಗ ಊರಿನಿಂದ ಎಂಟು ಹತ್ತು ಕಿಲೋಮೀಟರ್ ದೂರ. ಬೆಳಗ್ಗೆ ಬಸ್ಸಿನಲ್ಲಿ ಊರೊಳಗೆ ಬಂದೆವು. ಹಳೇ ಬಂದರಿನ ದಡದಲ್ಲಿ ಮೀನು ಮಾರುವವರನ್ನು ನೋಡಿದೆವು. 60ನೇ ನಂಬರ್ ಸಿಟಿ ಬಸ್ಸು ಹಿಡಿದು ಗುಡ್ಡದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ಡ್ ಚರ್ಚಿಗೆ ಹೋದೆವು. ಒಳಗೆ ಸೂರಿನಿಂದ ಪುಟ್ಟ ಪುಟ್ಟ ಹಡಗಿನ ಬೊಂಬೆಗಳು ನೇತಾಡುತ್ತವೆ. ಸಮುದ್ರದಲ್ಲಿ ಬದುಕಿ ಬಂದವರು ಒಪ್ಪಿಸಿದ ಹರಕೆ. ನಮ್ಮ ಕಡೆ ಬೆಳ್ಳಿ ಕಣ್ಣು, ಬೆಳ್ಳಿ ಕಾಲು ಒಪ್ಪಿಸುವುದಿಲ್ಲವಾ, ಹಾಗೆ. ಅಲ್ಲೇ ಕೂತು ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ.

ಕೆಳಗೆ ಬಂದಾಗ ವಾಪಸ್ ಹೋಗುವ ಬಸ್ಸಿಗೆ ಉದ್ದ ಕ್ಯೂ. ಟ್ಯಾಕ್ಸಿ ಹಿಡಿದು "ಪೋರ್ಟ್, ಪೋರ್ಟ್" ಎಂದೆ. ಅವನು ತಲೆಯಾಡಿಸಿ ಹೊರಟ. ಹತ್ತು ನಿಮಿಷಕ್ಕೇ ನಿಲ್ಲಿಸಿ ಕೈ ತೋರಿಸಿದ. ಹಡಗೇನೋ ಇತ್ತು. ನಮ್ಮದಲ್ಲ! ಕಾರ್ಸಿಕಾ, ಅಲ್ಜೀರಿಯಾ ಕಡೆ ಹೋಗುವ ಹಡಗುಗಳು ಹೊರಡುವ ಜೊಲಿಯೆತ್ ಅದು. ಕಾರಿನ ಮೇಲೆ ಹಾಸಿಗೆ, ಫ್ರಿಜ್ಜು ಕಟ್ಟಿಕೊಂಡು ಕುಟುಂಬಗಳು ಕಾಯುತ್ತಿದ್ದವು. ಟ್ಯಾಕ್ಸಿಯವನು ಆಗಲೇ ಹೊರಟುಹೋಗಿದ್ದ. ಇನ್ನೊಂದು ಸಿಗುವಷ್ಟರಲ್ಲಿ ಇಪ್ಪತ್ತು ನಿಮಿಷ. ಹಡಗಿನ ಬಾಗಿಲಿಗೆ ಬಂದಾಗ ಕೊನೆಯ ಸಮಯಕ್ಕೆ ಆರು ನಿಮಿಷ ಬಾಕಿ ಇತ್ತು. ಮೇಲಿನ ಡೆಕ್‌ನಲ್ಲಿ ನಿಂತು ಕೆಲವರು ಚಪ್ಪಾಳೆ ತಟ್ಟಿದರು. ತಡವಾಗಿ ಓಡಿ ಬರುವವರನ್ನು ನೋಡುವುದು ಅವರಿಗೆ ಒಂದು ಮನರಂಜನೆ ಅಂತೆ.

ಮ್ಯೂನಿಕ್_ಮಾವ

ಅಲ್ಲಿ "ಪೋರ್ಟ್" ಅಂದರೆ ಸಾಲದು ಸಾರ್. ಫ್ರೆಂಚಿನಲ್ಲಿ ಬಂದರಿಗೆ ಪೋರ್, ಬಾಗಿಲಿಗೆ ಪೋರ್ತ್. ಕ್ರೂಸ್ ಹಡಗಿಗೆ ಹೋಗುವ ಗೇಟು ನಾಲ್ಕನೇದು. "ಪೋರ್ತ್ ಕಾತ್ರ್, ಕ್ರ್ವಾಸಿಯೆರ್" ಎನ್ನಬೇಕು. ಅದಕ್ಕಿಂತ ಸುಲಭ ಉಪಾಯ, ಬೆಳಗ್ಗೆ ಇಳಿದ ಕೂಡಲೇ ಹಡಗು ನಿಂತ ಜಾಗವನ್ನು ಮ್ಯಾಪ್‌ನಲ್ಲಿ ಗುರುತು ಹಾಕಿಕೊಳ್ಳಿ. ಟ್ಯಾಕ್ಸಿಯವನಿಗೆ ಬಾಯಲ್ಲಿ ಹೇಳುವ ಬದಲು ಅದನ್ನೇ ತೋರಿಸಿ.

ನಿದ್ದೆಗಣ್ಣು

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ವೀಸಾ ಒಂದು ಎಂಟ್ರಿ ಸಾಕಾ?

ಮ್ಯೂನಿಕ್_ಮಾವ

ಇವರ ದಾರಿಗೆ ಸಾಕು, ಮೂರು ದೇಶವೂ ಒಂದೇ ವೀಸಾ ನಡೆಯುವ ಷೆಂಗೆನ್ ಒಳಗೇ ಇವೆ. ಹಡಗು ನಡುವೆ ಟ್ಯುನೀಶಿಯಾಗೋ ಟರ್ಕಿಗೋ ಹೋಗುವುದಾದರೆ ಮಲ್ಟಿಪಲ್ ಬೇಕೇ ಬೇಕು. ಕನಿಷ್ಠ 30,000 ಯೂರೋ ರಕ್ಷಣೆಯ ಟ್ರಾವೆಲ್ ಇನ್ಶೂರೆನ್ಸ್ ವೀಸಾಗೇ ಕೇಳುತ್ತಾರೆ.

ಗೊಣಗಪ್ಪ

ಎಲ್ಲರೂ ಸಕ್ಕರೆ ಹಂಚುತ್ತಿದ್ದೀರಿ, ನಾನೊಂದು ಬೇವಿನ ಎಲೆ ಕೊಡುತ್ತೇನೆ.

ಚಿವಿತಾವೆಕ್ಕಿಯಾದಿಂದ ರೋಮ್ ಸುಮಾರು 70 ಕಿಲೋಮೀಟರ್. ಹಡಗಿನಿಂದ ಇಳಿದು ಬಂದರಿನ ಬಸ್ಸಿನಲ್ಲಿ ಗೇಟಿನ ಆಚೆ ಬರಬೇಕು, ಅಲ್ಲಿಂದ ರೈಲು ನಿಲ್ದಾಣ, ಆಮೇಲೆ ರೈಲು. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ, ಭಯಕ್ಕೆ ಒಂದು ಗಂಟೆ. ಉಳಿಯುವುದು ಮೂರೋ ನಾಲ್ಕೋ. ಅದರಲ್ಲಿ ಕೊಲೊಸಿಯಂ, ವ್ಯಾಟಿಕನ್, ಟ್ರೆವಿ ಕಾರಂಜಿ ಎಲ್ಲ ನೋಡುತ್ತೇನೆ ಅಂದರೆ ನೋಡುವುದು ಮುಂದಿನವರ ಬೆನ್ನನ್ನೇ. ಮಂಡಿನೋವಿನ ತಾಯಿಯನ್ನು ಆ ಕಲ್ಲು ಹಾಸಿನ ಮೇಲೆ ಓಡಿಸಬೇಡಿ.

ಊರಿನವರ ಕಷ್ಟವೂ ಇದೆ. ವೆನಿಸ್ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಸಂತ ಮಾರ್ಕ್ ಚೌಕದ ಎದುರಿನ ಕಾಲುವೆಗೆ ಬರದ ಹಾಗೆ ತಡೆದರು. ಬಾರ್ಸಿಲೋನಾದಲ್ಲಿ ಕ್ರೂಸ್ ಟರ್ಮಿನಲ್‌ಗಳನ್ನು 2030ರ ಹೊತ್ತಿಗೆ ಏಳರಿಂದ ಐದಕ್ಕೆ ಇಳಿಸಲು ನಗರಸಭೆಯೂ ಬಂದರಿನವರೂ 2025ರಲ್ಲಿ ಒಪ್ಪಂದ ಮಾಡಿಕೊಂಡಿದ್ದಾರೆ. ಬೆಳಗ್ಗೆ ಐದು ಸಾವಿರ ಜನ ಇಳಿದು, ಬೀದಿ ತುಂಬಿ, ಊಟಕ್ಕೆ ಮತ್ತೆ ಹಡಗಿಗೇ ಹೋದರೆ ಆ ಊರಿಗೆ ಸಿಗುವುದೇನು? ನೂಕುನುಗ್ಗಲು, ಕಸ.

ಧಾರವಾಡ_ಪೇಢೆ

ಗೊಣಗಪ್ಪ ಅವರೇ, ಅದಕ್ಕೇ ಹೇಳಿದ್ದು ಪನೆಲ್ಲೆ ತಿನ್ನಿ ಅಂತ. ಊಟ ಊರಲ್ಲಿ ಮಾಡಿದರೆ ದುಡ್ಡೂ ಊರಲ್ಲೇ ಉಳಿಯುತ್ತದಲ್ಲಾ.

ಮೈಸೂರುಪಾಕ್

ಗೊಣಗಪ್ಪ ಸರ್, ನೀವು ಹೇಳುವುದು ಸರಿ. ಆದರೆ ರೋಮ್ ಬೇಡ ಅಂತ ಅಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ. ಹಾಗೇ ಚಿವಿತಾವೆಕ್ಕಿಯಾದಲ್ಲಿ ಉಳಿದರೆ ನೋಡೋಕೆ ಏನಿದೆ? ಗೂಗಲ್ ಮಾಡಿದರೆ ಬರೀ "ರೋಮ್‌ಗೆ ಹೋಗುವುದು ಹೇಗೆ" ಅಂತಲೇ ಬರುತ್ತದೆ.

ಗೊಣಗಪ್ಪ

ಇದೇ ನನ್ನ ಸಿಟ್ಟು. ಆ ಊರಿಗೆ ಹೆಸರೇ ಇಲ್ಲದ ಹಾಗೆ ಮಾಡಿಟ್ಟಿದ್ದಾರೆ.

ಚಕ್ರವರ್ತಿ ಟ್ರಾಜನ್ ಎರಡನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಬಂದರು ಅದು. ನಿಮ್ಮ ತಂದೆಗೆ ಈ ಒಂದು ಮಾತು ಸಾಕು. ದಡದಲ್ಲೇ ಒಂದು ಕೋಟೆ ಇದೆ, 1508ರಲ್ಲಿ ವಾಸ್ತುಶಿಲ್ಪಿ ಬ್ರಮಾಂತೆ ಶುರು ಮಾಡಿದ್ದು. ಅದರ ದೊಡ್ಡ ಬುರುಜಿನ ಮೇಲ್ಭಾಗ ಮೈಕೆಲ್ಯಾಂಜೆಲೊ ಕೈಕೆಲಸ ಎನ್ನುತ್ತಾರೆ, ಕೋಟೆಯ ಹೆಸರೂ ಅವನದೇ. ಅದರ ಪಕ್ಕದಿಂದ ಸಮುದ್ರದ ಗುಂಟ ಸಮತಟ್ಟಾದ ನಡೆದಾರಿ, ಅಲ್ಲಲ್ಲಿ ಬೆಂಚು. ಅಮ್ಮನಿಗೆ ಹೇಳಿ ಮಾಡಿಸಿದ ಜಾಗ.

ಊರೊಳಗೆ ಜಪಾನಿ ಹುತಾತ್ಮರ ಹೆಸರಿನ ಚರ್ಚು ಇದೆ. ಇಟಲಿಯಲ್ಲಿ ಜಪಾನ್ ಯಾಕೆ ಅಂತೀರಾ? 1615ರಲ್ಲಿ ಹಸೆಕುರಾ ಎಂಬ ಸಮುರಾಯ್ ತನ್ನ ಒಡೆಯನ ಪರವಾಗಿ ಪೋಪರನ್ನು ಕಾಣಲು ಬಂದಾಗ ಇಳಿದದ್ದು ಇದೇ ಬಂದರಿನಲ್ಲಿ. ಅವನ ಪ್ರತಿಮೆಯೂ ಊರಿನಲ್ಲಿದೆ. ಆ ಚರ್ಚಿನ ಗೋಡೆಯ ಮೇಲೆ ಮೇರಿ ಮಾತೆ ಕಿಮೋನೊ ಉಟ್ಟಿದ್ದಾಳೆ. ಇದನ್ನು ನೋಡಲು ಕ್ಯೂ ಇಲ್ಲ. ಮಧ್ಯಾಹ್ನ ಮಾತ್ರ ಇಟಲಿಯ ಎಷ್ಟೋ ಚರ್ಚು ಮುಚ್ಚುತ್ತವೆ, ಬೆಳಗ್ಗೆಯೇ ಹೋಗಿ.

ಊರುಸುತ್ತಿ

ಗೊಣಗಪ್ಪ ಇಷ್ಟು ಪ್ರೀತಿಯಿಂದ ಬರೆದಿದ್ದು ಇದೇ ಮೊದಲು ಅನ್ನಿಸುತ್ತೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡೆ.

ರೋಮ್ ಬಗ್ಗೆ ನನ್ನದೊಂದು ಸಣ್ಣ ಉಪಾಯ. ಅಪ್ಪ, ಮಗ ಇಬ್ಬರೇ ಹೋಗುವುದಾದರೆ ರೋಮ್‌ನ ಮುಖ್ಯ ನಿಲ್ದಾಣ ಟರ್ಮಿನಿ ತನಕ ಹೋಗಬೇಡಿ, ಅದಕ್ಕೂ ಮೊದಲು ಬರುವ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿಯಿರಿ. ಸಂತ ಪೀಟರ್ ಚೌಕಕ್ಕೆ ಕಾಲು ಗಂಟೆ ನಡಿಗೆ. ಪ್ಯಾಸೆಂಜರ್ ರೈಲಿನ ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ಕೊಟ್ಟು ಮುದ್ರೆ ಹಾಕಿಸಬೇಕು. ಮರೆತರೆ ದಂಡ. ಟಿಕೆಟ್ ಬೆಲೆ ಐದು ಯೂರೋ ಆಸುಪಾಸು. 75ರ ಜೊತೆ ನೀವೇ ಹೋಲಿಸಿ.

ನಾನು ಹೇಳಬೇಕು ಅಂತ ಬಂದಿದ್ದು ನೇಪಲ್ಸ್ ವಿಷಯ. ಅಲ್ಲಿ ಹಡಗು ಊರಿನ ನಡುವೆಯೇ ನಿಲ್ಲುತ್ತದೆ. ಬಾಗಿಲು ದಾಟಿದರೆ ಎದುರಿಗೇ ಕೋಟೆ, ಪಕ್ಕದಲ್ಲೇ ಮುನಿಚಿಪಿಯೋ ಮೆಟ್ರೊ. ಎಲ್ಲರೂ ಪಾಂಪೆಗೆ, ಅಂದರೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ರೋಮನ್ ಊರಿಗೆ, ಓಡುತ್ತಾರೆ. ಪಾಂಪೆ ದೊಡ್ಡದು, ಬಿಸಿಲು, ಉಬ್ಬುತಗ್ಗಿನ ಕಲ್ಲು. ಸುಲಭವಾಗಿ ನಡೆಯಲು ಪ್ರತ್ಯೇಕ ದಾರಿಯೊಂದನ್ನು ಮಾಡಿದ್ದಾರೆ, ಆದರೂ ಮೂರು ಕಿಲೋಮೀಟರ್ ಮೇಲಾಗುತ್ತದೆ. ಅಮ್ಮನನ್ನು ಕರೆದುಕೊಂಡು ಮೆಟ್ರೊದಲ್ಲಿ ಮೂರೇ ಸ್ಟಾಪ್ ದೂರದ ಮ್ಯೂಸಿಯಂಗೆ ಹೋಗಿ. ಸ್ಟಾಪಿನ ಹೆಸರೂ ಮ್ಯೂಸಿಯೋ. ಪಾಂಪೆಯಲ್ಲಿ ಅಗೆದು ತೆಗೆದ ಒಳ್ಳೊಳ್ಳೆಯ ವಸ್ತುಗಳೆಲ್ಲ ಅಲ್ಲೇ ಇವೆ. ಮಂಗಳವಾರ ರಜೆ, ನೋಡಿಕೊಳ್ಳಿ.

ಅಲ್ಲಿ ನಮ್ಮವಳೊಬ್ಬಳು ಇದ್ದಾಳೆ! ಗೇಣುದ್ದಕ್ಕಿಂತ ಸ್ವಲ್ಪ ಎತ್ತರದ ದಂತದ ಹೆಣ್ಣುಬೊಂಬೆ. ಮೈತುಂಬ ಒಡವೆ, ಎರಡು ಕಡೆ ಇಬ್ಬರು ಸೇವಕಿಯರು. ಭಾರತದಲ್ಲಿ ಕೆತ್ತಿದ್ದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿ ಕಾರುವ ಮೊದಲೇ ಪಾಂಪೆಯ ಒಂದು ಮನೆ ಸೇರಿದ್ದಳು. 1938ರಲ್ಲಿ ಸಿಕ್ಕಳು. ಆಗ ಲಕ್ಷ್ಮಿ ಅಂದರು, ಈಗ ಯಕ್ಷಿ ಇರಬೇಕು ಎನ್ನುತ್ತಾರೆ. ಹಡಗು ಹತ್ತಿ ಹೋದವರಲ್ಲಿ ನಾವೇನೂ ಮೊದಲಿಗರಲ್ಲ.

ಆದರೆ ಒಂದು ಮಾತು. ಅವಳನ್ನು ಇಟ್ಟಿದ್ದು "ಗುಪ್ತ ಕೋಣೆ" ಎಂಬ ವಿಭಾಗದಲ್ಲಿ. ಪಾಂಪೆಯ ಶೃಂಗಾರ ಚಿತ್ರಗಳನ್ನೆಲ್ಲ ಒಟ್ಟು ಮಾಡಿದ ಕೋಣೆ ಅದು. ನಾನು ಅತ್ತೆಯವರ ಜೊತೆ ಹೋಗಿದ್ದೆ. ಲಕ್ಷ್ಮಿ ಇದ್ದಾಳೆ ಬನ್ನಿ ಅಂತ ನಾನೇ ಕರೆದುಕೊಂಡು ಹೋದೆ. ಮುಂದಿನದನ್ನು ಬರೆಯುವುದಿಲ್ಲ.

ಕಲ್ಲುಸಕ್ಕರೆ

ಇಲ್ಲ, ಬರೆಯಲೇಬೇಕು.

ಊರುಸುತ್ತಿ

ಅತ್ತೆ ನೆಟ್ಟಗೆ ಲಕ್ಷ್ಮಿಯ ಹತ್ತಿರ ಹೋಗಿ, ಕೈ ಮುಗಿದು, ಅತ್ತಿತ್ತ ನೋಡದೆ ವಾಪಸ್ ಬಂದರು. ಹೊರಗೆ ಬಂದ ಮೇಲೆ ಒಂದೇ ಮಾತು: "ಪಾಪ, ಅವಳನ್ನ ಎಂಥವರ ಮಧ್ಯೆ ಕೂಡಿಸಿದಾರೆ."

ಕುಡ್ಲದ_ಗಾಳಿ

ನಾನು ಯುರೋಪಿಗೆ ಹೋದವನಲ್ಲ. ಆಚೆ ಕಡೆಯಿಂದ ಮಾತಾಡುತ್ತೇನೆ. ಮಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಮಳೆ ನಿಂತ ಮೇಲೆ ಪಣಂಬೂರಿನ ಬಂದರಿಗೆ ವಿದೇಶಿ ಹಡಗು ಬರುತ್ತದೆ. ಒಂದು ಹಡಗು ಬಂತು ಅಂದರೆ ನಮಗೆ ಒಂದು ದಿನದ ಜಾತ್ರೆ.

ಅವರಿಗೂ ನಿಮ್ಮದೇ ಚಿಂತೆ ಮಾರಾಯ್ರೆ. ಹತ್ತಿದ ತಕ್ಷಣ ಕೇಳುವ ಮೊದಲ ಪ್ರಶ್ನೆ "ಎಷ್ಟು ಗಂಟೆಗೆ ವಾಪಸ್ ಬಿಡುತ್ತೀರಿ?" ಹೆಚ್ಚಿನವರು ಬಸ್ಸಿನಲ್ಲಿ ಸಾಲಾಗಿ ಹೋಗುತ್ತಾರೆ. ಕದ್ರಿ ದೇವಸ್ಥಾನ, ಗೇರುಬೀಜದ ಫ್ಯಾಕ್ಟರಿ, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ. ಕಾರ್ಕಳಕ್ಕೆ 50 ಕಿಲೋಮೀಟರ್. ಅಷ್ಟು ದೂರ ಹೋಗಿ ಮೂರ್ತಿಯ ಎದುರು ಇಪ್ಪತ್ತು ನಿಮಿಷ ನಿಂತು ಬರುತ್ತಾರೆ. ನಿಮ್ಮ ರೋಮ್ ಕತೆ ಓದಿದಾಗ ಅದೇ ನೆನಪಾಯಿತು.

ಕಳೆದ ಸೀಸನ್ನಿನಲ್ಲಿ ಇಬ್ಬರು ವಯಸ್ಸಾದ ಇಟಲಿಯವರು ನನ್ನ ಕಾರು ಹತ್ತಿದರು. ದೂರ ಎಲ್ಲೂ ಬೇಡ ಎಂದರು. ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಬಿಟ್ಟೆ. ಅದರ ಗೋಡೆ, ಸೂರು ಎಲ್ಲ ಚಿತ್ರ. 1899ರಿಂದ ಎರಡು ವರ್ಷ ಕೂತು ಬರೆದವರು ಇಟಲಿಯ ಬೆರ್ಗಾಮೊ ಕಡೆಯ ಅಂತೋನಿಯೊ ಮೊಸ್ಕೆನಿ ಎಂಬ ಜೆಸ್ಯೂಟ್. ಆ ಅಜ್ಜಿಯ ಊರೂ ಅದೇ ಕಡೆಯಂತೆ. ಒಂದು ಗಂಟೆಯಾದರೂ ಹೊರಗೆ ಬರಲಿಲ್ಲ. ನಾನೇ ಒಳಗೆ ಹೋಗಿ ನೋಡಿದರೆ ಕುತ್ತಿಗೆ ಮೇಲೆತ್ತಿಕೊಂಡು ಕೂತಿದ್ದಾರೆ. ಆಮೇಲೆ ಸೆಂಟ್ರಲ್ ಮಾರ್ಕೆಟ್ ಕಡೆ ಮಲ್ಲಿಗೆ ಕೊಂಡು, ಬೊಂಡ ಕುಡಿದು, ಎರಡು ಗಂಟೆ ಮೊದಲೇ ಹಡಗಿಗೆ ಹೋದರು. ನನಗೆ ಬಾಡಿಗೆ ಕಡಿಮೆಯಾಯಿತು, ಆದರೆ ಅಜ್ಜಿ ಇಳಿಯುವಾಗ ಅರ್ಧ ಮೊಳ ಮಲ್ಲಿಗೆ ನನ್ನ ಡ್ಯಾಶ್‌ಬೋರ್ಡಿನ ಗಣಪತಿಗೆ ಇಟ್ಟು ಹೋದರು.

ಮ್ಯೂನಿಕ್_ಮಾವ

ಅಣ್ಣ, ನಿಮ್ಮದು ಎಲ್ಲರಿಗಿಂತ ಒಳ್ಳೆಯ ಪೋಸ್ಟ್.

ಉಳಿದ ಎರಡು ಮಾತು ಬೇಗ ಮುಗಿಸುತ್ತೇನೆ. ಬಾರ್ಸಿಲೋನಾಕ್ಕೆ ಒಂದು ದಿನ ಮೊದಲೇ ಹೋಗಿ, ವಿಮಾನ ತಡವಾದರೂ ಎದೆ ಹೊಡೆದುಕೊಳ್ಳುವುದಿಲ್ಲ. ಸಗ್ರಾದಾ ಫಮೀಲಿಯಾ ಚರ್ಚಿಗೆ ಟಿಕೆಟ್ ಆನ್‌ಲೈನ್‌ನಲ್ಲೇ, ಗಂಟೆ ಗೊತ್ತು ಮಾಡಿ. ರಾಂಬ್ಲಾ ಬೀದಿಯಲ್ಲಿ ಯಾರಾದರೂ "ಮೈಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ, ಒರೆಸುತ್ತೇನೆ" ಅಂತ ಬಂದರೆ ಜೇಬು ಹಿಡಿದುಕೊಂಡು ನಡೆಯಿರಿ. ಒರೆಸುವ ನೆಪದಲ್ಲಿ ಪರ್ಸು ಎತ್ತುತ್ತಾರೆ.

ಜಿನೋವಾದಲ್ಲಿ ಅಮ್ಮನಿಗೆ ಗುಡ್ಡದ ಮೇಲಿನ ನೋಟ ಬೇಕು ಅಂದರೆ ಮೆಟ್ಟಿಲು ಹತ್ತಬೇಕಿಲ್ಲ. ಪೋರ್ತೆಲ್ಲೊ ಚೌಕದಿಂದ ಕಾಸ್ತೆಲ್ಲೆತ್ತೊಗೆ ಲಿಫ್ಟ್ ಇದೆ. ಊರಿನವರು ಬಸ್ಸಿನ ಹಾಗೆ ದಿನಾ ಬಳಸುವ ಲಿಫ್ಟ್. ಮೇಲೆ ಹೋದರೆ ಕಪ್ಪು ಕಲ್ಲಿನ ಚಾವಣಿಗಳು, ಆಚೆ ಬಂದರು, ನಿಮ್ಮ ಹಡಗೂ ಕಾಣುತ್ತದೆ. ಕಾಫಿ ನಿಂತು ಕುಡಿಯಿರಿ. ಕೂತರೆ ಎಷ್ಟೋ ಕಡೆ ಬೆಲೆ ಜಾಸ್ತಿ. ಅಮ್ಮ ಮಾತ್ರ ಕೂರಲಿ, ಹೋದರೆ ಒಂದೆರಡು ಯೂರೋ. ಟಾಯ್ಲೆಟ್ಟಿಗೂ ಅದೇ ದಾರಿ, ಒಂದು ಕಾಫಿ ಕೊಂಡು ಅಲ್ಲೇ ಹೋಗುವುದು.

ಮೈಸೂರುಪಾಕ್ · ನವೆಂಬರ್ 9

ಬಂದೆವು. ಎಲ್ಲರಿಗೂ ವರದಿ ಒಪ್ಪಿಸದೆ ಇದ್ದರೆ ತಪ್ಪಾಗುತ್ತದೆ.

ಗಡಿಯಾರದ ವಿಷಯ ಅಪ್ಪನಿಗೆ ಹೇಳುವುದನ್ನು ಮರೆತೆ. ಅವರ ಎಚ್‌ಎಂಟಿ ವಾಚ್ ಹಳೇ ಸಮಯದಲ್ಲೇ ಇತ್ತು. ಭಾನುವಾರ ಬೆಳಗ್ಗೆ ಒಂದು ಗಂಟೆ ಮೊದಲೇ ಸ್ವೆಟರ್, ಮಫ್ಲರ್ ಹಾಕಿಕೊಂಡು ಇಳಿಯುವ ಬಾಗಿಲ ಹತ್ತಿರ ಕೂತಿದ್ದರು. "ಯಾರೂ ಎದ್ದೇ ಇಲ್ಲ, ಎಂಥಾ ಸೋಮಾರಿ ಜನ" ಎಂದು ನಮ್ಮನ್ನೇ ಬೈದರು.

ಮಾರ್ಸೇದಲ್ಲಿ ಮಳೆ. ಹಳೇ ಬಂದರಿನ ಸುತ್ತ ಒಂದು ಸುತ್ತು ಹಾಕಿ, ಸಾಬೂನು ಕೊಂಡು ವಾಪಸ್. ಟ್ಯಾಕ್ಸಿಯವನಿಗೆ ಮ್ಯಾಪ್ ತೋರಿಸಿದೆ, ಕಲ್ಲುಸಕ್ಕರೆಗೂ ಮ್ಯೂನಿಕ್ ಮಾವನಿಗೂ ಋಣಿ. ಪಾನಿಸ್ ಸಿಗಲಿಲ್ಲ.

ಜಿನೋವಾದಲ್ಲಿ ಸಿಕ್ಕಿತು, ಫರಿನಾತಾ. ಅಪ್ಪ ಒಂದು ತುಂಡು ತಿಂದರು. ಸುಮ್ಮನಿದ್ದರು. ಇನ್ನೊಂದು ತರಲು ಹೇಳಿದರು. ಮೂರನೆಯದಕ್ಕೆ ತಾವೇ ಎದ್ದು ಹೋಗಿ ಬೆರಳು ತೋರಿಸಿ ಕೊಂಡುಬಂದರು. ಅಮ್ಮ ಕಟ್ಟಿಗೆ ಒಲೆಯ ಮುಂದೆ ನಿಂತು ಐದಾರು ತಟ್ಟೆ ಒಳಗೆ ಹೋಗಿ ಬರುವುದನ್ನು ನೋಡಿದರು. ಲಿಫ್ಟ್‌ನಲ್ಲೂ ಹೋದೆವು.

ಚಿವಿತಾವೆಕ್ಕಿಯಾದಲ್ಲಿ ಎರಡು ಪಂಗಡವಾದೆವು. ನಾನು, ಅಪ್ಪ ರೈಲಿನಲ್ಲಿ ರೋಮ್‌ಗೆ. ಅಮ್ಮ, ನನ್ನ ಹೆಂಡತಿ ಊರಿನಲ್ಲೇ. ಸಂತ ಪೀಟರ್ ಒಳಗೆ ಹೋಗಲು ಚೌಕದ ಸುತ್ತ ಕ್ಯೂ. ಅಪ್ಪ ಅರ್ಧ ನಿಮಿಷ ನೋಡಿ ಬೇಡ ಎಂದರು. ಬಸ್ಸು ಹಿಡಿದು ಫೋರಂ, ಅಂದರೆ ಪ್ರಾಚೀನ ರೋಮ್‌ನ ಪಾಳುಬಿದ್ದ ನಡುಚೌಕದ, ಎದುರಿನ ರಸ್ತೆಯಲ್ಲಿ ಇಳಿದೆವು. ಒಳಗೆ ಹೋಗಲು ಟಿಕೆಟ್ ಮಾಡಿಸಿರಲಿಲ್ಲ. ಹೊರಗಿನ ಕಟಕಟೆ ಹಿಡಿದು ಮುಕ್ಕಾಲು ಗಂಟೆ ನಿಂತರು. ಯಾವುದು ಸೆನೆಟ್, ಯಾವುದು ಸೀಸರನ ದೇವಸ್ಥಾನ ಅಂತ ನನಗೆ ಪಾಠ ಮಾಡಿದರು. ಪಕ್ಕದಲ್ಲಿ ಒಬ್ಬ ಹುಡುಗ ಇಂಗ್ಲಿಷ್‌ನಲ್ಲಿ ಏನೋ ಕೇಳಿದ, ಅವನಿಗೂ ಮಾಡಿದರು. ಒಟ್ಟು ರೋಮ್ ಇಷ್ಟೇ. ಮೂರೂವರೆಗೆ ವಾಪಸ್ ರೈಲು. ಗೊಣಗಪ್ಪ ಸರ್ ಲೆಕ್ಕ ಹಾಕಿದ ಭಯದ ಒಂದು ಗಂಟೆ ಹಾಗೇ ಉಳಿಯಿತು.

ಹಡಗಿಗೆ ಬಂದರೆ ಅಮ್ಮನದೇ ದೊಡ್ಡ ಕತೆ. ಸಮುದ್ರದ ಪಕ್ಕದ ಬೆಂಚಿನ ಮೇಲೆ ಒಬ್ಬ ಅಜ್ಜಿ ಸಿಕ್ಕಿದ್ದರಂತೆ. ಅವರಿಗೆ ಇಟಾಲಿಯನ್, ಇವರಿಗೆ ಕನ್ನಡ. ಇಬ್ಬರೂ ಮಂಡಿ ತೋರಿಸಿಕೊಂಡು ಒಂದು ಗಂಟೆ ಮಾತಾಡಿದ್ದಾರೆ. ಆ ಅಜ್ಜಿಗೆ ಬಲ ಮಂಡಿ ಆಪರೇಷನ್ ಆಗಿದೆ, ಮಗ ದೂರದ ಊರಿನಲ್ಲಿದ್ದಾನೆ, ಸೊಸೆಗೆ ಅಡುಗೆ ಬರುವುದಿಲ್ಲ. ಇಷ್ಟೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದರೆ "ಹೇಳಿದರಲ್ಲ" ಎನ್ನುತ್ತಾರೆ. ಕಿಮೋನೊ ಮೇರಿಯನ್ನೂ ನೋಡಿದ್ದಾರೆ. ಅಪ್ಪ ಊಟದ ಹೊತ್ತಿಗೆ ಎರಡು ಸಲ ಕೇಳಿದರು, ಆ ಸಮುರಾಯ್ ಬಂದದ್ದು ಎಷ್ಟನೇ ಇಸವಿ ಅಂತ.

ನೇಪಲ್ಸ್‌ನಲ್ಲಿ ಮ್ಯೂಸಿಯಂಗೆ ಹೋದೆವು. ಊರುಸುತ್ತಿಯವರೇ, ಗುಪ್ತ ಕೋಣೆಯ ಬಾಗಿಲಲ್ಲಿ ನಾನು ಹಿಂದೆ ಉಳಿದೆ. ಅಷ್ಟು ಸಾಕು.

ಪಲೆರ್ಮೊದಲ್ಲಿ ಅಮ್ಮ ಸುಸ್ತಾಗಿ ಹಡಗಿನಲ್ಲೇ ಉಳಿದರು. ಪನೆಲ್ಲೆ ಪಾವ್ ಕಟ್ಟಿಸಿಕೊಂಡು ಬಂದೆ.

ಧಾರವಾಡ_ಪೇಢೆ

ಓದಿ ಹೊಟ್ಟೆ ತುಂಬಿತು ತಮ್ಮಾ. ಅಮ್ಮ ಒಲೆ ಮುಂದೆ ನಿಂತು ನೋಡಿದ್ದು ಸುಮ್ಮನೆ ಅಲ್ಲ. ಮನೆಯಲ್ಲಿ ಮಾಡಿದರೋ?

ಮೈಸೂರುಪಾಕ್

ಮೊನ್ನೆ ಮಾಡಿದರು. ದೋಸೆ ಹೆಂಚಿನ ಮೇಲೆ. ಹೆಂಚಿಗೆ ಅಂಟಿಕೊಂಡು ಕಿತ್ತುಬಂತು. ಕೊನೆಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಉಪ್ಪಿಟ್ಟಿನ ಹಾಗೆ ಕೆದಕಿ ಬಡಿಸಿದರು. ಅಪ್ಪ "ಜಿನೋವಾದ ರುಚಿ ಬರಲಿಲ್ಲ" ಎಂದರು, ಅಮ್ಮ ಎರಡು ದಿನ ಮಾತು ಬಿಟ್ಟರು.

ಧಾರವಾಡ_ಪೇಢೆ

ಒಂದು ಅಳತೆ ಹಿಟ್ಟಿಗೆ ಮೂರು ಅಳತೆ ನೀರು, ಮಜ್ಜಿಗೆಯಷ್ಟು ತೆಳ್ಳಗಿರಬೇಕು. ಹೆಂಚು ಬೇಡ, ಓವನ್ ಇದ್ದರೆ ಪೂರ್ತಿ ಬಿಸಿ ಮಾಡಿ ತಟ್ಟೆಗೆ ಧಾರಾಳ ಎಣ್ಣೆ ಹಾಕಿ ಸುರಿಯಲಿ. ಹಿಟ್ಟು ಎಷ್ಟು ತಾಸು ನೆನೆಸಿಟ್ಟಿದ್ದರು?

ಮೈಸೂರುಪಾಕ್

ನೆನೆಸಬೇಕಿತ್ತಾ?